ತರ್ಕದ ನುಡಿಯೂ ನಿರ್ಣಯದ ವಿಧಾನವೂ: ಒಂದು ಐತಿಹಾಸಿಕ ಪರಾಮರ್ಶೆ

ಪ್ರಮೇಯವೊಂದು ಸಿದ್ಧವಾದ ವರ್ಷವನ್ನೂ ಅದರ ಪೂರ್ಣಾರ್ಥ ತಿಳಿದುಬಂದ ವರ್ಷವನ್ನೂ ಗಣಿತದ ಚರಿತ್ರಕಾರರು ಒಂದೆಂದೇ ಎಣಿಸುವುದುಂಟು. ಈ ರೂಢಿ ಸಾಧುವಲ್ಲವೆಂಬುದಕ್ಕೆ ರೂಪಬದ್ಧ ಭಾಷೆಗಳ ಇತಿಹಾಸವು ಉತ್ತಮ ನಿದರ್ಶನವಾಗಿದೆ.

ಇಲ್ಲಿ ಭಾಷೆಯೆಂದರೆ ಗೊತ್ತಾದ ಅಕ್ಷರಗಳಿಂದಾದ ಸಾಲುಗಳ ಸಮುದಾಯ. 'ಎಲ್ಲ ಸ್ಥಾನಗಳಲ್ಲಿ', 'ಯಾವುದೋ ಒಂದು ಸ್ಥಾನದಲ್ಲಿ', 'ಇದಕ್ಕಿಂತ ಮೊದಲು' ಎಂಬಷ್ಟೇ ಮಾತುಗಳುಳ್ಳ ಪ್ರಥಮ ಶ್ರೇಣಿಯ ತರ್ಕದಿಂದ ಒಂದು ಭಾಷೆಯನ್ನು ವರ್ಣಿಸಬಹುದೇ? ಕಗಕಗ ಎಂಬಂತೆ ಸಾಗುವ ಸಾಲುಗಳನ್ನು ವರ್ಣಿಸಬಹುದು: ಆದಿಯಲ್ಲಿ ಕ, ಅಂತ್ಯದಲ್ಲಿ ಗ, ಒಂದೇ ಅಕ್ಷರ ಒತ್ತೊತ್ತಿಗೆ ಬರಕೂಡದು ಎಂದರೆ ಸಾಕು. ಆದರೆ ಕಕಾರಗಳು ಸಮಸಂಖ್ಯೆಯಲ್ಲಿರುವ ಸಾಲುಗಳನ್ನು ಹೀಗೆ ವರ್ಣಿಸಲಾಗದು. ಕೊಟ್ಟ ಭಾಷೆ ಯಾವ ಪಂಗಡದ್ದೆಂದು ನಿಶ್ಚಿತ ವಿಧಾನದಿಂದ ನಿರ್ಣಯಿಸಬಹುದೇ ಎಂಬುದೇ ನಮ್ಮ ಪ್ರಸ್ತುತ ವಿಷಯ.

ಸಾಂತಯಂತ್ರಗಳು ಗುರುತಿಸುವ ಭಾಷೆಗಳ ಸ್ವರೂಪವನ್ನು ಸ್ಟೀಫನ್ ಕ್ಲೀನಿಯವರ 1956ರ ಲೇಖನವು ನಿರೂಪಿಸಿತು. 1960–61ರಲ್ಲಿ ಅಮೆರಿಕದ ಬ್ಯೂಖಿ ಮತ್ತು ಎಲ್ಗಾಟ್, ಸೋವಿಯತ್ ಒಕ್ಕೂಟದ ತ್ರಖ್ತೆನ್‌ಬ್ರೋಟ್ ಇವರು, ಸ್ಥಾನಗಳ ಗಣಗಳನ್ನೂ ಕುರಿತು ಮಾತನಾಡಬಲ್ಲ ದ್ವಿತೀಯ ಶ್ರೇಣಿಯ ತರ್ಕವು ಈ ಭಾಷೆಗಳಿಗೆ ಸರಿಸಮವೆಂದು ತೋರಿಸಿದರು. ಪ್ರಥಮ ಶ್ರೇಣಿಯ ಸೀಮೆ ಯಾವುದೆಂಬುದು ಇದರಿಂದ ಗೊತ್ತಾಗಲಿಲ್ಲ.

1965ರಲ್ಲಿ ಫ್ರಾನ್ಸಿನ ಶುಟ್ಜೆನ್‌ಬರ್ಜೆಯವರು, ಆವರ್ತನಚಿಹ್ನೆಯಿಲ್ಲದೆ ರಚಿಸಬಹುದಾದ ಭಾಷೆಗಳಿಗೆ ಬೀಜಗಣಿತದ ಲಕ್ಷಣವೊಂದನ್ನು ಕೊಟ್ಟರು: ಭಾಷೆಗೆ ಸೇರಿದ ಸಾಂತ ಮೊನಾಯ್ಡಿನಲ್ಲಿ ಯಾವ ಘಟಕದ ಘಾತಗಳೂ ಒಂದು ಹಂತದ ಮೇಲೆ ಬದಲಾಗಕೂಡದು. ಯಂತ್ರದಿಂದ ಈ ಮೊನಾಯ್ಡನ್ನು ಗಣಿಸಬಹುದಾದ್ದರಿಂದ ಇದು ಪರೀಕ್ಷೆಗೆ ಒಗ್ಗುವ ಲಕ್ಷಣ. ಆದರೆ ಆ ಪ್ರಮೇಯದಲ್ಲಿ ತರ್ಕದ ಪ್ರಸ್ತಾಪವೇ ಇಲ್ಲ. ಇವೇ ಪ್ರಥಮ ಶ್ರೇಣಿಯ ಭಾಷೆಗಳೆಂದು ಮೆಕ್‌ನಾಟನ್ ಮತ್ತು ಪೇಪರ್ಟ್ ತಮ್ಮ 1971ರ ಗ್ರಂಥದಲ್ಲಿ ಸಾಧಿಸಿದ ಮೇಲೆಯೇ ನಮ್ಮ ಪ್ರಶ್ನೆಗೆ ಉತ್ತರ ದೊರೆಯಿತು. ಆದುದರಿಂದ ನಿರ್ಣಯದ ಕೀರ್ತಿಯನ್ನು 1965ಕ್ಕೊಂದಕ್ಕೇ ಸಲ್ಲಿಸುವುದು ನ್ಯಾಯವಲ್ಲ.

ತರ್ಕದ ಖಂಡಗಳಲ್ಲಿಯೂ ಇದೇ ಕ್ರಮವನ್ನು ಕಾಣುತ್ತೇವೆ. ಶುಟ್ಜೆನ್‌ಬರ್ಜೆಯವರು 1976ರಲ್ಲಿ ಪರಿಶೀಲಿಸಿದ ಮೊನಾಯ್ಡುಗಳ ವರ್ಗವೊಂದು ಎರಡೇ ಚರಗಳುಳ್ಳ ತರ್ಕಕ್ಕೆ ಸರಿಹೊಂದುತ್ತದೆಂದು ತೇರಿಯನ್ ಮತ್ತು ವಿಲ್ಕೆ ತೋರಿಸಿದ್ದು 1998ರಲ್ಲಿ. ಬ್ರೊಜೊವ್‌ಸ್ಕಿ ಮತ್ತು ಕೋಹೆನ್ 1971ರಲ್ಲಿ ಮಂಡಿಸಿದ ಶ್ರೇಣಿಯು 'ಎಲ್ಲ', 'ಯಾವುದೋ ಒಂದು' ಎಂಬ ಪರಿಮಾಣಕಗಳು ಎಷ್ಟು ಬಾರಿ ಅದಲುಬದಲಾಗುತ್ತವೆಂಬುದನ್ನು ಅಳೆಯುತ್ತದೆಂದು ಥಾಮಸ್ 1982ರಲ್ಲಿ ತಿಳಿಸಿದರು.

ಆದರೆ ಅರ್ಥ ತಿಳಿದ ಮಾತ್ರಕ್ಕೆ ನಿರ್ಣಯ ಸುಲಭವಾಗಲಿಲ್ಲ. ಈ ಶ್ರೇಣಿಯ ಮೊದಲನೆಯ ಸ್ತರವನ್ನು ಕ್ನಾಸ್ಟ್ 1983ರಲ್ಲಿ ಬಗೆಹರಿಸಿದರು. ಎರಡನೆಯದು ಪ್ಲಾಸ್ ಮತ್ತು ಝೀಟೂನ್ ಅವರಿಂದ 2014ರಲ್ಲಿ, ಎಂದರೆ ಪ್ರಶ್ನೆ ಹುಟ್ಟಿದ 43 ವರ್ಷಗಳ ಅನಂತರ, ಬಗೆಹರಿಯಿತು. ಎಲ್ಲ ಸ್ತರಗಳಿಗೂ ಸಲ್ಲುವ ವಿಧಾನ ಇನ್ನೂ ದೊರೆತಿಲ್ಲ.

ಒಂದು ಶಾಸ್ತ್ರದ ಉತ್ತರ ಇನ್ನೊಂದು ಶಾಸ್ತ್ರದ ಪ್ರಶ್ನೆಗಾಗಿ ಕಾದಿರಬಹುದು. ಸ್ಪಷ್ಟವಾಗಿ ಕೇಳಿದ ಪ್ರಶ್ನೆಯೂ ದಶಕಗಳ ಕಾಲ ಉತ್ತರವಿಲ್ಲದೆ ಉಳಿಯಬಹುದು. ಈ ಎರಡು ಬಗೆಯ ವಿಳಂಬಗಳನ್ನು ಪ್ರತ್ಯೇಕವಾಗಿ ದಾಖಲಿಸುವುದು ಚರಿತ್ರಕಾರನ ಕರ್ತವ್ಯವೆಂದು ನಾವು ಭಾವಿಸುತ್ತೇವೆ.