ಪರದೇಶದ ಓದಿಗೆ ಹೊರಟವರು ಊರಲ್ಲೇ ಮುಗಿಸಿಕೊಳ್ಳಬೇಕಾದ ಕೆಲಸಗಳು

ಜತ್ತ: ತಾಲೂಕಿನ ಪೂರ್ವ ಭಾಗದ ಕನ್ನಡ ಶಾಲೆಗಳಲ್ಲಿ ಓದಿ, ಮುಂದೆ ಸಾಂಗಲಿ, ಸೋಲಾಪುರ, ವಿಜಯಪುರ, ಬೆಳಗಾವಿಗಳಲ್ಲಿ ಪದವಿ ಮುಗಿಸಿದ ಮಕ್ಕಳೂ ಈಗ ಎಂ.ಎಸ್., ಪಿಎಚ್.ಡಿ. ಎಂದು ವಿದೇಶದ ಕಡೆ ನೋಡುತ್ತಿದ್ದಾರೆ. ಪ್ರವೇಶಪತ್ರ ಬಂದ ದಿನ ಮನೆಯಲ್ಲಿ ಪೇಢೆ ಹಂಚುತ್ತಾರೆ, ಮರುದಿನದಿಂದ ಕಾಗದಪತ್ರದ ಓಡಾಟ ಶುರುವಾಗುತ್ತದೆ. ಈ ಓಡಾಟದಲ್ಲಿ ಗಡಿಭಾಗದವರಿಗೆ ಒಂದು ಹೆಚ್ಚಿನ ತೊಡಕಿದೆ. ಮನೆಮಾತು ಕನ್ನಡ, ಸರ್ಕಾರಿ ದಾಖಲೆ ಮರಾಠಿ, ವೀಸಾ ಅರ್ಜಿ ಇಂಗ್ಲಿಷ್. ಮೂರು ಭಾಷೆ ದಾಟುವಷ್ಟರಲ್ಲಿ ಒಬ್ಬನೇ ಹುಡುಗ ಮೂರು ಹೆಸರಿನವನಾಗಿರುತ್ತಾನೆ.

ಉದಾಹರಣೆಗೆ ಬಿರಾದಾರ ಎಂಬ ಅಡ್ಡಹೆಸರು ತೆಗೆದುಕೊಳ್ಳಿ. ಮರಾಠಿ ಬಾಯಲ್ಲಿ ಅದು ಬಿರಾಜದಾರ ಆಗುತ್ತದೆ. ಶಾಲೆ ಬಿಟ್ಟ ದಾಖಲೆಯಲ್ಲಿ ಒಂದು, ಆಧಾರದಲ್ಲಿ ಇನ್ನೊಂದು. ಅಪ್ಪನ ಹೆಸರು ಸಿದ್ದಪ್ಪ ಇದ್ದದ್ದು ಸಾತಬಾರಾ ಉತಾರದಲ್ಲಿ ಸಿದಾಪ್ಪಾ, ಬ್ಯಾಂಕಿನ ಪಾಸ್‌ಬುಕ್ಕಿನಲ್ಲಿ ಮತ್ತೊಂದು. ಊರಲ್ಲಿ ಇದಕ್ಕೆ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ, ತಲಾಠಿಯವರಿಗೆ ಮನೆತನವೇ ಗೊತ್ತಿರುತ್ತದೆ. ವೀಸಾ ಅಧಿಕಾರಿಗೆ ಗೊತ್ತಿರುವುದಿಲ್ಲ. ಹಣ ತೋರಿಸಿದ ತಂದೆಯೂ ಪಾಸ್‌ಪೋರ್ಟಿನಲ್ಲಿರುವ ತಂದೆಯೂ ಒಬ್ಬರೇ ಎಂದು ಆತ ಕಾಗದದಿಂದಲೇ ತಿಳಿಯಬೇಕು.

ಆದ್ದರಿಂದ ಮೊದಲ ಕೆಲಸ, ಎಸ್‌ಎಸ್‌ಸಿ ಪ್ರಮಾಣಪತ್ರವನ್ನು ಮುಂದಿಟ್ಟುಕೊಂಡು ಉಳಿದ ಎಲ್ಲ ದಾಖಲೆಗಳ ಅಕ್ಷರ ಹೊಂದಿಸಿ ನೋಡುವುದು. ಆಧಾರ, ಪ್ಯಾನ್, ಬ್ಯಾಂಕ್ ಖಾತೆ ತಿದ್ದಿಸುವುದು ಸುಲಭ. ಶಾಲೆಯ ಜನರಲ್ ರಜಿಸ್ಟರ್ ತಿದ್ದಿಸುವುದು ಸುಲಭವಲ್ಲ, ಮುಖ್ಯಾಧ್ಯಾಪಕರ ಕೈಯಲ್ಲಷ್ಟೇ ಇರುವ ವಿಷಯವೂ ಅಲ್ಲ. ಎಸ್‌ಎಸ್‌ಸಿ ಮತ್ತು ಪದವಿಯ ಹೆಸರು ಒಂದೇ ಇದ್ದರೆ ಅದನ್ನೇ ಆಧಾರವಾಗಿಟ್ಟುಕೊಂಡು ಉಳಿದವನ್ನು ಅದಕ್ಕೆ ತರುವುದು ಜಾಣತನ. ಹೆಸರೇ ಬದಲಾಗಿದ್ದರೆ ರಾಜಪತ್ರದಲ್ಲಿ (ಗ್ಯಾಝೆಟ್) ಪ್ರಕಟಿಸಬೇಕಾಗುತ್ತದೆ. ಮದುವೆಯಾದ ಹೆಣ್ಣುಮಕ್ಕಳು ಪಾಸ್‌ಪೋರ್ಟಿನಲ್ಲಿ ಗಂಡನ ಮನೆಯ ಹೆಸರು ಹಾಕಲೇಬೇಕೆಂಬ ಕಾನೂನಿಲ್ಲ. ಪದವಿ ತವರಿನ ಹೆಸರಿನಲ್ಲಿದ್ದರೆ ಅದನ್ನೇ ಉಳಿಸಿಕೊಂಡರೆ ಒಂದು ತಲೆನೋವು ಕಡಿಮೆ.

ಪಾಸ್‌ಪೋರ್ಟ್ ಅರ್ಜಿಯಲ್ಲಿ ಅಡ್ಡಹೆಸರಿನ ಜಾಗ ಖಾಲಿ ಬಿಡಬೇಡಿ. ಖಾಲಿ ಬಿಟ್ಟವರಿಗೆ ಅಮೆರಿಕದ ವೀಸಾದಲ್ಲಿ ಇದ್ದ ಹೆಸರೇ ಅಡ್ಡಹೆಸರಾಗಿ, ಹೆಸರಿನ ಜಾಗದಲ್ಲಿ 'ಎಫ್‌ಎನ್‌ಯು' ಎಂದು ಬರುತ್ತದೆ. ಅದರರ್ಥ ಮೊದಲ ಹೆಸರು ತಿಳಿದಿಲ್ಲ ಎಂದು. ಅಪ್ಪ ಅವ್ವ ಪ್ರೀತಿಯಿಂದ ಇಟ್ಟ ಹೆಸರಿಗೆ ಹೀಗಾಗಬಾರದು.

ಸಾಂಗಲಿ ಜಿಲ್ಲೆ ಪುಣೆಯ ಪ್ರಾದೇಶಿಕ ಪಾಸ್‌ಪೋರ್ಟ್ ಕಚೇರಿಗೆ ಸೇರಿದೆ. ಆದರೆ 2018ರಿಂದ ದೇಶದ ಯಾವ ಕೇಂದ್ರದಲ್ಲಾದರೂ ಅರ್ಜಿ ಹಾಕಬಹುದು. ಕರ್ನಾಟಕದಲ್ಲಿ ಓದುತ್ತಿರುವವರು ಅಲ್ಲಿಯೇ ಹಾಕಲಿ. ಅರ್ಜಿಯಲ್ಲಿ ಊರಿನ ವಿಳಾಸ ಕೊಟ್ಟಿದ್ದರೆ ಪೊಲೀಸ್ ಪರಿಶೀಲನೆ ಮಾತ್ರ ಊರಿನ ಠಾಣೆಯಿಂದಲೇ ನಡೆಯುತ್ತದೆ. 2023ರ ಅಕ್ಟೋಬರ್ 1ರಂದು ಮತ್ತು ನಂತರ ಹುಟ್ಟಿದವರಿಗೆ ಜನನ ಪ್ರಮಾಣಪತ್ರವೊಂದೇ ಜನ್ಮದಿನಾಂಕದ ಪುರಾವೆ ಎಂಬ ನಿಯಮ 2025ರಲ್ಲಿ ಬಂತು. ಈಗ ಪದವಿ ಮುಗಿಸಿದವರು ಅದಕ್ಕಿಂತ ಮೊದಲೇ ಹುಟ್ಟಿದವರು, ಅವರಿಗೆ ಶಾಲಾ ದಾಖಲೆ ನಡೆಯುತ್ತದೆ.

ಮರಾಠಿ, ಕನ್ನಡದ ಕಾಗದಗಳಿಗೆ ಇಂಗ್ಲಿಷ್ ಅನುವಾದ ಬೇಕು. ಅನುವಾದಕರ ಪೂರ್ಣ ಹೆಸರು, ಸಹಿ, ದಿನಾಂಕ, ಸಂಪರ್ಕ ವಿವರ, ಅನುವಾದ ಸರಿಯಾಗಿದೆ ಎಂಬ ಮಾತು ಅದರಲ್ಲಿರಲಿ. ಇಟಲಿಯಂಥ ದೇಶಗಳಿಗೆ ಪದವಿಯ ಮೇಲೆ ಅಪೊಸ್ಟಿಲ್ ಮುದ್ರೆ ಕೇಳುವುದುಂಟು. ಇಲ್ಲಿ ನಮ್ಮವರು ತಪ್ಪುತ್ತಾರೆ. ವಾಸ ಮಹಾರಾಷ್ಟ್ರದಲ್ಲಿದ್ದರೂ ಪದವಿ ಕರ್ನಾಟಕದ ವಿಶ್ವವಿದ್ಯಾಲಯದ್ದಾದರೆ ರಾಜ್ಯಮಟ್ಟದ ದೃಢೀಕರಣ ಕರ್ನಾಟಕದಿಂದಲೇ ಆಗಬೇಕು. ಶಿವಾಜಿ ವಿಶ್ವವಿದ್ಯಾಲಯದ್ದಾದರೆ ಮುಂಬೈಯಿಂದ. ಎಸ್‌ಎಸ್‌ಸಿ ಇಲ್ಲಿಯದು, ಬಿ.ಇ. ಅಲ್ಲಿಯದು ಇದ್ದವರು ಎರಡೂ ರಾಜಧಾನಿಗಳ ಕೆಲಸವನ್ನು ಲೆಕ್ಕದಲ್ಲಿಟ್ಟುಕೊಳ್ಳಬೇಕು.

ವೀಸಾಕ್ಕೆ ಯಾವ ಊರು? ನೀರಿನ ವಿಷಯದಲ್ಲಿ ನಾವು ಯಾವ ರಾಜ್ಯದ ಕಡೆ ನೋಡಿದರೂ, ಜರ್ಮನ್ ಕನ್ಸುಲೇಟ್‌ನ ಲೆಕ್ಕದಲ್ಲಿ ಜತ್ತ ಮುಂಬೈಗೆ ಸೇರಿದ್ದು, ಇಂಡಿ ಬೆಂಗಳೂರಿಗೆ. ಜರ್ಮನಿಗೆ 2022ರ ನವೆಂಬರ್‌ನಿಂದ ಎಪಿಎಸ್ ಪ್ರಮಾಣಪತ್ರ ಕಡ್ಡಾಯವಾಗಿದೆ, ಅದಕ್ಕೇ ವಾರಗಟ್ಟಲೆ ಹಿಡಿಯುತ್ತದೆ. ಬ್ಲಾಕ್ಡ್ ಖಾತೆಯಲ್ಲಿ ಇಡಬೇಕಾದ ಹಣವನ್ನು 2024ರ ಸೆಪ್ಟೆಂಬರ್‌ನಲ್ಲಿ ವರ್ಷಕ್ಕೆ 11,904 ಯೂರೋಗೆ ಏರಿಸಿದರು. ಅಮೆರಿಕಕ್ಕೆ ವಿಶ್ವವಿದ್ಯಾಲಯದಿಂದ ಐ-20 ಬಂದ ಮೇಲೆ ಸೆವಿಸ್ ಶುಲ್ಕ 350 ಡಾಲರ್, ವೀಸಾ ಅರ್ಜಿ ಶುಲ್ಕ 185 ಡಾಲರ್. ಇದರ ಮೇಲೆ 250 ಡಾಲರ್ ಹೆಚ್ಚುವರಿ ಶುಲ್ಕಕ್ಕೆ 2025ರ ಜುಲೈಯ ಕಾನೂನು ಅವಕಾಶ ಕೊಟ್ಟಿದೆ, ಅದನ್ನೂ ಕೈಯಲ್ಲಿಟ್ಟುಕೊಂಡಿರಿ. 2025ರ ಜೂನ್‌ನಿಂದ ವಿದ್ಯಾರ್ಥಿಗಳ ಫೇಸ್‌ಬುಕ್, ಇನ್‌ಸ್ಟಾಗ್ರಾಂ ಖಾತೆಗಳನ್ನು ತೆರೆದಿಡಲು ಹೇಳಿ ಪರಿಶೀಲಿಸುತ್ತಾರೆ. ತರಗತಿ ಶುರುವಾಗುವ ದಿನಕ್ಕಿಂತ 30 ದಿನಕ್ಕೂ ಮೊದಲು ಆ ದೇಶಕ್ಕೆ ಕಾಲಿಡುವಂತಿಲ್ಲ.

ಹಣದ ವಿಷಯವೇ ಎಲ್ಲಕ್ಕಿಂತ ಕಠಿಣ. ನಮ್ಮಲ್ಲಿ ಆಸ್ತಿ ಎಂದರೆ ಹೊಲ. ಶೈಕ್ಷಣಿಕ ಸಾಲಕ್ಕೆ ಬ್ಯಾಂಕುಗಳು ಸಾಮಾನ್ಯವಾಗಿ ಕೃಷಿ ಜಮೀನನ್ನು ಅಡವಾಗಿ ಒಪ್ಪುವುದಿಲ್ಲ. ಮನೆ, ಎನ್.ಎ. ಪ್ಲಾಟು, ಠೇವಣಿ ಕೇಳುತ್ತಾರೆ. ಇಪ್ಪತ್ತು ಎಕರೆ ದ್ರಾಕ್ಷಿ, ದಾಳಿಂಬೆ ತೋಟ ಇದ್ದವರೂ ಬ್ಯಾಂಕಿನ ಮೇಜಿನ ಮುಂದೆ ಬರಿಗೈಯಾಗಿ ಕೂಡುತ್ತಾರೆ. ಕೊನೆಗೆ ಅವಸರದಲ್ಲಿ, ಬಂದ ಬೆಲೆಗೆ ತುಂಡು ಹೊಲ ಮಾರುವ ಪ್ರಸಂಗ ಬರುತ್ತದೆ. ಹಾಗೆ ಮಾರಿದರೂ ದಿನದ ಲೆಕ್ಕ ತಪ್ಪಿದರೆ ಉಪಯೋಗವಿಲ್ಲ. ಬ್ರಿಟನ್‌ಗೆ ಹೋಗುವವರ ಹಣ ಖಾತೆಯಲ್ಲಿ ಸತತ 28 ದಿನ ಇರಬೇಕು, ನಡುವೆ ಒಂದೇ ದಿನ ಕಡಿಮೆಯಾದರೂ ಅರ್ಜಿ ತಿರಸ್ಕಾರವಾಗುತ್ತದೆ. ಬೀಗರಿಂದ, ಸೊಸೈಟಿಯಿಂದ ಎರಡು ದಿನಕ್ಕೆಂದು ಹಣ ತಂದು ತುಂಬಿ ತೋರಿಸುವ ಉಪಾಯ ನಡೆಯುವುದಿಲ್ಲ. ಹಣ ಎಲ್ಲಿಂದ ಬಂತೆಂದು ಕೇಳಿದರೆ ಉತ್ತರವಿರಬೇಕು. ಬ್ಯಾಂಕಿನಿಂದ ಮಂಜೂರಾದ ಶೈಕ್ಷಣಿಕ ಸಾಲದ ಹಣ ಹೊರದೇಶಕ್ಕೆ ಕಳಿಸುವಾಗ ಟಿಸಿಎಸ್ ತೆರಿಗೆ 2025ರ ಏಪ್ರಿಲ್‌ನಿಂದ ಇಲ್ಲ.

ವಿದ್ಯಾರ್ಥಿವೇತನ ಇದೆ, ನಮ್ಮ ಹಳ್ಳಿಗಳಿಗೆ ಸುದ್ದಿ ತಲುಪುವುದಿಲ್ಲ ಅಷ್ಟೇ. ಪರಿಶಿಷ್ಟ ಜಾತಿಯವರಿಗೆ ಮಹಾರಾಷ್ಟ್ರ ಸರ್ಕಾರದ ರಾಜರ್ಷಿ ಶಾಹು ಮಹಾರಾಜ ಪರದೇಶ ಶಿಷ್ಯವೃತ್ತಿ ಇದೆ. ಒಬಿಸಿ ಮತ್ತು ಧನಗರ ಸಮಾಜ ಸೇರಿದ ವಿಮುಕ್ತ-ಅಲೆಮಾರಿ ವರ್ಗಗಳಿಗೆ ಪ್ರತ್ಯೇಕ ಯೋಜನೆಯಿದೆ. ಕೇಂದ್ರದ ರಾಷ್ಟ್ರೀಯ ಸಾಗರೋತ್ತರ ವಿದ್ಯಾರ್ಥಿವೇತನದಲ್ಲಿ ಭೂರಹಿತ ಕೃಷಿ ಕಾರ್ಮಿಕರ ಮಕ್ಕಳಿಗೂ ಅವಕಾಶ ಉಂಟು. ಡಾ. ಅಂಬೇಡ್ಕರರು 1913ರಲ್ಲಿ ಬರೋಡಾ ಸಂಸ್ಥಾನದ ವಿದ್ಯಾರ್ಥಿವೇತನದ ಮೇಲೆ ನ್ಯೂಯಾರ್ಕ್‌ಗೆ ಹೋದರು. 1920ರಲ್ಲಿ ಓದು ಮುಂದುವರಿಸಲು ಮತ್ತೆ ಲಂಡನ್‌ಗೆ ಹೊರಟಾಗ ನೆರವಾದವರಲ್ಲಿ ಕೊಲ್ಹಾಪುರದ ಶಾಹು ಮಹಾರಾಜರೂ ಒಬ್ಬರು. ಆ ಹೆಸರಿನ ಯೋಜನೆಗೆ ಜಾತಿ, ರಹಿವಾಸಿ, ಉತ್ಪನ್ನದ ದಾಖಲೆಗಳು ಬೇಕು. ಅವು ಮರಾಠಿಯಲ್ಲಿರುತ್ತವೆ, ಹೆಸರಿನ ಅಕ್ಷರ ಅಲ್ಲಿಯೂ ನೋಡಿಕೊಳ್ಳಿ.

ಏಜೆಂಟರ ಬಗ್ಗೆ ಒಂದು ಮಾತು. 2023ರಲ್ಲಿ ಕೆನಡಾದಲ್ಲಿ ಓದಲು ಹೋದ ಪಂಜಾಬಿನ ಅನೇಕ ವಿದ್ಯಾರ್ಥಿಗಳ ಪ್ರವೇಶಪತ್ರಗಳೇ ನಕಲಿ ಎಂದು ಬಯಲಾಯಿತು. ಅವರು ವರ್ಷಗಟ್ಟಲೆ ಅಲ್ಲಿದ್ದ ಮೇಲೆ ಗಡೀಪಾರಿನ ಭಯ ಎದುರಿಸಿದರು. ಅರ್ಜಿಯ ಪಾಸ್‌ವರ್ಡ್, ಇಮೇಲ್ ವಿದ್ಯಾರ್ಥಿಯ ಕೈಯಲ್ಲೇ ಇರಲಿ. ಪ್ರವೇಶಪತ್ರ ಬಂದರೆ ವಿಶ್ವವಿದ್ಯಾಲಯಕ್ಕೆ ನೀವೇ ಬರೆದು ಖಚಿತಪಡಿಸಿಕೊಳ್ಳಿ, ಅದಕ್ಕೆ ಖರ್ಚಿಲ್ಲ.

ಸಂದರ್ಶನಕ್ಕೆ ಮುಂಬೈಗೆ ಹೋಗಲು ಪಶ್ಚಿಮ ಭಾಗದವರಿಗೆ ಮಿರಜದಿಂದ ಮಹಾಲಕ್ಷ್ಮಿ ಎಕ್ಸ್‌ಪ್ರೆಸ್, ಉಮದಿ ಕಡೆಯವರಿಗೆ ಸೋಲಾಪುರದಿಂದ ಸಿದ್ಧೇಶ್ವರ ಎಕ್ಸ್‌ಪ್ರೆಸ್ ಅನುಕೂಲ. ಎರಡೂ ರಾತ್ರಿ ಗಾಡಿಗಳು. ಬೆಳಗ್ಗೆ ಇಳಿದು ನೇರ ಸಂದರ್ಶನಕ್ಕೆ ಹೋಗುವ ಲೆಕ್ಕ ಹಾಕಬೇಡಿ, ಗಾಡಿ ತಡವಾದರೆ ತಿಂಗಳುಗಟ್ಟಲೆ ಕಾದ ದಿನ ಹೋಗುತ್ತದೆ. ಅಮೆರಿಕದ ವೀಸಾಕ್ಕೆ ಬೆರಳಚ್ಚು, ಫೋಟೋ ಒಂದು ಕಡೆ, ಸಂದರ್ಶನ ಬಾಂದ್ರಾ-ಕುರ್ಲಾ ಸಂಕೀರ್ಣದ ಕನ್ಸುಲೇಟ್‌ನಲ್ಲಿ. ಮೊಬೈಲ್ ಒಳಗೆ ಬಿಡುವುದಿಲ್ಲ, ಅಲ್ಲಿ ಇಟ್ಟುಕೊಳ್ಳುವ ವ್ಯವಸ್ಥೆಯೂ ಇಲ್ಲ. ಜೊತೆಗೆ ಅಣ್ಣನೋ ಸೋದರಮಾವನೋ ಇದ್ದರೆ ಅವರ ಕೈಗೆ ಕೊಡಬಹುದು.

ವಿಮಾನದ ಟಿಕೆಟ್ ವೀಸಾ ಕೈಗೆ ಬಂದ ಮೇಲೆ ತೆಗೆಯಿರಿ. ನೋಟಿನ ರೂಪದಲ್ಲಿ ಒಂದು ಪ್ರಯಾಣಕ್ಕೆ 3,000 ಡಾಲರ್‌ವರೆಗೆ ಒಯ್ಯಬಹುದು, ಉಳಿದದ್ದು ಕಾರ್ಡಿನಲ್ಲಿರಲಿ. ಅವ್ವ ಕಟ್ಟಿಕೊಡುವ ಖಡಕ್ ರೊಟ್ಟಿ, ಶೇಂಗಾ ಚಟ್ನಿಯನ್ನು ಇಳಿದ ಕೂಡಲೇ ಕಸ್ಟಮ್ಸ್ ಚೀಟಿಯಲ್ಲಿ ಬರೆಯಿರಿ. ಆಸ್ಟ್ರೇಲಿಯಾದಲ್ಲಿ ಮುಚ್ಚಿಟ್ಟು ಸಿಕ್ಕರೆ ದಂಡ, ವೀಸಾ ರದ್ದಾಗುವುದೂ ಉಂಟು. ಹಸಿ ಹಣ್ಣು, ಬೀಜ ಬೇಡ. ಪಾಸ್‌ಪೋರ್ಟ್, ಪ್ರವೇಶಪತ್ರ, ಅಂಕಪಟ್ಟಿಗಳ ಮೂಲಪ್ರತಿ ಕೈಚೀಲದಲ್ಲಿ ಇರಲಿ, ಒಂದೊಂದು ಝೆರಾಕ್ಸ್ ಊರಿನ ಮನೆಯಲ್ಲಿ ಬಿಟ್ಟು ಹೋಗಿ.