ಯಾತ್ರೆ, ವಿರಾಮ ಮತ್ತು ಕಾಯಕ: ಶರಣ ಪರಂಪರೆಯ ದೃಷ್ಟಿ

ಪುಣ್ಯ ಸಂಪಾದನೆಗಾಗಿ ಕ್ಷೇತ್ರಗಳಿಗೆ ಹೋಗುವುದನ್ನು ಲೋಕರೂಢಿಯಲ್ಲಿ ಯಾತ್ರೆ ಎನ್ನುತ್ತೇವೆ. 12ನೆಯ ಶತಮಾನದ ಬಸವಾದಿ ಶರಣರು ಈ ರೂಢಿಯನ್ನು ಪ್ರಶ್ನಿಸಿದರು. ತೀರ್ಥಸ್ನಾನ ಮಾತ್ರದಿಂದ ಪಾಪ ಕಳೆಯುವುದೆಂಬ ನಂಬಿಕೆಯನ್ನು ಅವರು ಒಪ್ಪಲಿಲ್ಲ. ಇಷ್ಟಲಿಂಗವು ಅಂಗದ ಮೇಲೆಯೇ ಇರುವಾಗ ದೇವರನ್ನರಸಿ ದೂರ ಹೋಗಬೇಕಾಗಿಲ್ಲ ಎಂಬುದು ಅವರ ನಿಲುವು.

ಶರಣರ ಸಂಚಾರ

ಹಾಗೆಂದು ಶರಣರು ಸಂಚಾರವನ್ನು ನಿರಾಕರಿಸಲಿಲ್ಲ. ಜಂಗಮ ಎಂಬ ಪದದ ಮೂಲಾರ್ಥವೇ ಚಲಿಸುವುದು. ಅಲ್ಲಮಪ್ರಭುಗಳು ಊರೂರು ಸಂಚರಿಸಿ ಸಾಧಕರನ್ನು ಎಚ್ಚರಿಸಿದರು. ಅಕ್ಕಮಹಾದೇವಿ ತಾಯಿ ಉಡುತಡಿಯಿಂದ ಕಲ್ಯಾಣಕ್ಕೂ, ಅಲ್ಲಿಂದ ಶ್ರೀಶೈಲದ ಕದಳೀವನಕ್ಕೂ ನಡೆದರು. ಮೋಳಿಗೆ ಮಾರಯ್ಯನವರು ಕಾಶ್ಮೀರದ ಅರಸೊತ್ತಿಗೆಯನ್ನು ತೊರೆದು ಬಂದು, ಕಲ್ಯಾಣದಲ್ಲಿ ಕಟ್ಟಿಗೆ ಮಾರುವ ಕಾಯಕ ಕೈಗೊಂಡರೆಂದು ಪರಂಪರೆ ಹೇಳುತ್ತದೆ. ಇವರೆಲ್ಲರ ಪಯಣದ ಗುರಿ ಪುಣ್ಯಗಳಿಕೆಯಲ್ಲ. ಅರಿವು ಮತ್ತು ಶರಣರ ಸಂಗ.

ದುಡಿಮೆಯೊಳಗಿನ ಬಿಡುವು

ಕಾಯಕ ತತ್ತ್ವವು ವಿಶ್ರಾಂತಿಗೆ ವಿರೋಧಿಯಲ್ಲ. ನಮ್ಮ ಅನೇಕ ಊರುಗಳಲ್ಲಿ ಸೋಮವಾರ ಎತ್ತುಗಳ ಹೆಗಲಿಗೆ ನೊಗ ಹೂಡುವುದಿಲ್ಲ. ಮಾಘ ಮಾಸದಲ್ಲಿ, ಚೆನ್ನಬಸವಣ್ಣನವರ ಐಕ್ಯಸ್ಥಳವಾದ ಉತ್ತರ ಕನ್ನಡ ಜಿಲ್ಲೆಯ ಉಳವಿಯ ಜಾತ್ರೆಗೆ ರೈತರು ಚಕ್ಕಡಿ ಕಟ್ಟಿಕೊಂಡು ಹೊರಡುತ್ತಾರೆ. ಯುಗಾದಿಯ ಹೊತ್ತಿಗೆ ಉತ್ತರ ಕರ್ನಾಟಕದ ಭಕ್ತರು ಶ್ರೀಶೈಲಕ್ಕೆ ಪಾದಯಾತ್ರೆ ಮಾಡುತ್ತಾರೆ. ದಾರಿಯ ಊರಿನವರು ಅವರಿಗೆ ಅನ್ನ, ಮಜ್ಜಿಗೆ, ನೆರಳು ನೀಡಿ ದಾಸೋಹ ನಡೆಸುತ್ತಾರೆ. ನಡೆಯುವವರಿಗೆ ಅದು ಬಿಡುವು, ಬಡಿಸುವವರಿಗೆ ಅದು ಸೇವೆ.

ಇಂದಿನ ಪ್ರವಾಸಿಗರಿಗೆ

ಇಂದು ಕೂಡಲಸಂಗಮಕ್ಕೂ ಬಸವಕಲ್ಯಾಣಕ್ಕೂ ವಾಹನಗಳಲ್ಲಿ ಬೇಗ ಹೋಗಿಬರಬಹುದು. ಕೃಷ್ಣಾ–ಮಲಪ್ರಭಾ ಸಂಗಮದ ದಡದಲ್ಲಿ ಭಾವಚಿತ್ರ ತೆಗೆಸಿಕೊಳ್ಳುವುದು, ಮಕ್ಕಳೊಡನೆ ನಲಿಯುವುದು ತಪ್ಪಲ್ಲ. ಆದರೆ ಒಬ್ಬರ ವಿರಾಮವು ಮತ್ತೊಬ್ಬರ ಕಾಯಕದ ಮೇಲೆ ನಿಂತಿದೆ ಎಂಬುದನ್ನು ನಾವು ಮರೆಯುತ್ತಿದ್ದೇವೆ. ರಾತ್ರಿಯಿಡೀ ವಾಹನ ನಡೆಸಿದ ಚಾಲಕನಿಗೆ ಮಲಗಲು ಜಾಗವಿದೆಯೇ? ನಾವು ಎಸೆದ ಪ್ಲಾಸ್ಟಿಕ್ ತಟ್ಟೆಗಳನ್ನು ಹೆಕ್ಕುವವರು ಯಾರು? ಮನೆಮಂದಿಯೆಲ್ಲ ಬಿಡುವಿನಲ್ಲಿರುವಾಗ ಪ್ರವಾಸದಲ್ಲಿಯೂ ಬುತ್ತಿ ಕಟ್ಟಿ, ಬಡಿಸಿ, ಪಾತ್ರೆ ತೊಳೆಯುವ ತಾಯಿಗೆ ವಿರಾಮ ಯಾವಾಗ?

ಚಾಲಕನನ್ನು ನಮ್ಮ ಪಂಕ್ತಿಯಲ್ಲಿಯೇ ಕೂರಿಸಿ ಉಣಿಸೋಣ. ತಂದ ಕಸವನ್ನು ಮರಳಿ ಒಯ್ಯೋಣ. ಅಡುಗೆಯ ಕೆಲಸವನ್ನು ಗಂಡಸರೂ ಹಂಚಿಕೊಳ್ಳೋಣ. ಪ್ರತಿಯೊಂದು ಕಾಯಕಕ್ಕೂ ಸಮಾನ ಗೌರವ ಕೊಟ್ಟ ಶರಣರ ನೆಲಕ್ಕೆ ಹೋಗಿಬಂದುದಕ್ಕೆ ಈ ನಡೆಯೇ ಸಾಕ್ಷಿ.