ಸ್ಯಾಟ್ ಬಟನ್ನಿನ ಹಿಂದಿನ ಕಥೆ

ಇಲ್ಲಿ ಅಮೇರಿಕದಲ್ಲಿ ಹಳೇ ಕಾರು ಕೊಂಡ ನಮ್ಮ ಹುಡುಗರು ಎಂದಾದರೊಂದು ದಿನ ಕೇಳುವ ಪ್ರಶ್ನೆ ಇದು. "ಮಗಾ, ರೇಡಿಯೋದಲ್ಲಿ ಸ್ಯಾಟ್ ಅಂತ ಒಂದು ಬಟನ್ ಇದೆ. ಒತ್ತಿದ್ರೆ ಏನೂ ಬರಲ್ಲ. ಕೆಟ್ಟೋಗಿದ್ಯಾ?" ಫ್ಯೂಸು ನೋಡು, ವೈರು ನೋಡು ಅಂತ ಶುರು ಮಾಡಿದರೆ ದಾರಿ ತಪ್ಪುತ್ತದೆ. ಆ ಬಟನ್ ಯಾಕೆ ಸುಮ್ಮನಿದೆ ಅಂತ ತಿಳಿಯಲು 1997ರವರೆಗೆ ಹೋಗಿ ಬರಬೇಕು. ಸ್ವಲ್ಪ ಉದ್ದದ ಕಥೆ, ಕಾಫಿ ಮಾಡ್ಕೊಂಡು ಕೂತ್ಕೊಳ್ಳಿ :-)

ಈ ದೇಶದಲ್ಲಿ ಊರು ಬಿಟ್ಟು ಒಂದು ಗಂಟೆ ಕಾರು ಓಡಿಸಿದರೆ ಎಫ್‌ಎಂ ಕರಕರ ಎನ್ನತೊಡಗುತ್ತದೆ. ಆಮೇಲೆ ಮೈಲಿಗಟ್ಟಲೆ ಜೋಳದ ಹೊಲ, ಮೌನ. ಆಕಾಶದಿಂದಲೇ ರೇಡಿಯೋ ಕಳಿಸಿದರೆ ಹೇಗೆ ಅಂತ 1990ರಲ್ಲಿ ಮಾರ್ಟೀನ್ ರಾಥ್‌ಬ್ಲಾಟ್ ಎನ್ನುವ ವಕೀಲರು ಸಿಡಿ ರೇಡಿಯೋ ಎಂಬ ಕಂಪನಿ ಹುಟ್ಟುಹಾಕಿದರು. (ಇವರೇ ಮುಂದೆ ಮಗಳ ಅಪರೂಪದ ಕಾಯಿಲೆಗೆ ಔಷಧಿ ಹುಡುಕಲು ದೊಡ್ಡ ಔಷಧ ಕಂಪನಿಯನ್ನೇ ಕಟ್ಟಿದರು. ಅದು ಬೇರೆಯದೇ ಕಥೆ.) ಸರ್ಕಾರದ ಎಫ್‌ಸಿಸಿ 2.3 ಗಿಗಾಹರ್ಟ್ಸ್ ಸುತ್ತಮುತ್ತ ಜಾಗ ಮೀಸಲಿಟ್ಟು, 1997ರ ಏಪ್ರಿಲ್‌ನಲ್ಲಿ ಹರಾಜು ಹಾಕಿತು. ಎರಡು ಲೈಸೆನ್ಸು, ತಲಾ 12.5 ಮೆಗಾಹರ್ಟ್ಸ್. ಒಂದನ್ನು ಸುಮಾರು 8.3 ಕೋಟಿ ಡಾಲರಿಗೆ ಸಿಡಿ ರೇಡಿಯೋ ಕೊಂಡಿತು. ಇನ್ನೊಂದನ್ನು ಸುಮಾರು 9 ಕೋಟಿಗೆ ಅಮೇರಿಕನ್ ಮೊಬೈಲ್ ರೇಡಿಯೋ ಕೊಂಡಿತು. ಮೊದಲನೆಯದು ಸಿರಿಯಸ್ ಆಯಿತು (ನಮ್ಮ ಲುಬ್ಧಕ ನಕ್ಷತ್ರದ ಹೆಸರು), ಎರಡನೆಯದು ಎಕ್ಸ್‌ಎಂ.

ಎಕ್ಸ್‌ಎಂ ಕಂಪನಿಯ ಶುರುವಿನ ದಿನಗಳಲ್ಲಿ ವರ್ಲ್ಡ್‌ಸ್ಪೇಸ್ ಹಣವೂ ಇತ್ತು. ಹೌದು, ನಮ್ಮ ಬೆಂಗಳೂರಿನಲ್ಲಿ ಆಫೀಸು ಮಾಡಿಕೊಂಡಿದ್ದ ಅದೇ ವರ್ಲ್ಡ್‌ಸ್ಪೇಸ್! 1999ರಲ್ಲಿ ಆ ಪಾಲು ಕೈ ಬದಲಾಯಿತು. ಅದಕ್ಕೆ ಆಮೇಲೆ ಬರ್ತೀನಿ.

ನನ್ನ ಪ್ರಕಾರ ಎಲ್ಲಾ ತೊಂದರೆಯ ಬೇರು ಇಲ್ಲಿದೆ. ಎರಡೂ ಕಂಪನಿಗಳ ಪ್ರಸಾರ ಹಿಡಿಯಬಲ್ಲ ರೇಡಿಯೋ ವಿನ್ಯಾಸ ಮಾಡಬೇಕು ಅಂತ ಎಫ್‌ಸಿಸಿ ಆಗಲೇ ನಿಯಮ ಹಾಕಿತ್ತು. ವಿನ್ಯಾಸ ಮಾಡಬೇಕು ಅಂತ ಹೇಳಿತ್ತೇ ಹೊರತು ಮಾರಬೇಕು ಅಂತ ಬಿಗಿಯಾಗಿ ಕೇಳಲಿಲ್ಲ. ನಮ್ಮ ಸಾಫ್ಟ್‌ವೇರ್ ಕೆಲಸದಲ್ಲಿ ಇಂಥ ಷರತ್ತಿನ ಗತಿ ಏನಾಗುತ್ತದೆ ಅಂತ ಗೊತ್ತಲ್ಲ... ಹಾಗೇ ಆಯಿತು. ಇಬ್ಬರೂ ತಮ್ಮ ತಮ್ಮ ದಾರಿ ಹಿಡಿದರು, ಅದೂ ಅಕ್ಷರಶಃ. ಎಕ್ಸ್‌ಎಂ ತನ್ನ ಎರಡು ಉಪಗ್ರಹಗಳನ್ನು ಸಮಭಾಜಕದ ಮೇಲೆ ಒಂದೇ ಕಡೆ ನಿಲ್ಲುವಂತೆ ಇಟ್ಟಿತು. ಹೆಸರು ರಾಕ್ ಮತ್ತು ರೋಲ್, 2001ರ ಮಾರ್ಚ್ ಮತ್ತು ಮೇ ತಿಂಗಳಲ್ಲಿ ಪೆಸಿಫಿಕ್ ಸಾಗರದ ನಡುವಿನ ತೇಲುವ ವೇದಿಕೆಯಿಂದ ಹಾರಿದವು. ಸಿರಿಯಸ್ 2000ದಲ್ಲೇ ಬೈಕನೂರಿನಿಂದ ಮೂರು ಉಪಗ್ರಹ ಹಾರಿಸಿ, ಮೊಟ್ಟೆಯಾಕಾರದ ಕಕ್ಷೆಯಲ್ಲಿ ಬಿಟ್ಟಿತು. ಒಂದೊಂದೂ ದಿನಕ್ಕೆ ಸುಮಾರು 16 ಗಂಟೆ ಉತ್ತರಾರ್ಧದ ಮೇಲಿರುತ್ತಿತ್ತು. ಹಾಗಾಗಿ ಸಿರಿಯಸ್ ಸಿಗ್ನಲ್ ನೆತ್ತಿಯ ಕಡೆಯಿಂದ ಬೀಳುತ್ತಿತ್ತು, ಎಕ್ಸ್‌ಎಂ ಸಿಗ್ನಲ್ ದಕ್ಷಿಣದ ಕಡೆಯಿಂದ ಓರೆಯಾಗಿ. ಓರೆಯಾಗಿ ಬಂದದ್ದಕ್ಕೆ ಕಟ್ಟಡ ಅಡ್ಡ ಬರುತ್ತದೆ. ಅದಕ್ಕೇ ಎಕ್ಸ್‌ಎಂ ನಗರಗಳಲ್ಲಿ ನೂರಾರು ರಿಪೀಟರ್ ನೆಡಬೇಕಾಯಿತು. ಧ್ವನಿಯನ್ನು ಕುಗ್ಗಿಸುವ ಕೋಡೆಕ್ ಕೂಡ ಬೇರೆ ಬೇರೆ. ಇವನ ಭಾಷೆ ಅವನಿಗೆ ತಿಳಿಯದು.

ಎಕ್ಸ್‌ಎಂ 2001ರ ಸೆಪ್ಟೆಂಬರ್ 12ಕ್ಕೆ ಉದ್ಘಾಟನೆ ಇಟ್ಟುಕೊಂಡಿತ್ತು. ಹಿಂದಿನ ದಿನ ಏನಾಯಿತು ಅಂತ ಹೇಳಬೇಕಿಲ್ಲ. ಕೊನೆಗೆ 25ಕ್ಕೆ ಡಲ್ಲಾಸ್ ಮತ್ತು ಸ್ಯಾನ್ ಡಿಯಾಗೋದಲ್ಲಿ ಶುರುವಾಯಿತು. ಸಿರಿಯಸ್ 2002ರ ಫೆಬ್ರವರಿಯಲ್ಲಿ. ಆಮೇಲೆ ಕಾರು ಕಂಪನಿಗಳ ಬೇಟೆ. ಜನರಲ್ ಮೋಟರ್ಸ್ ಮತ್ತು ಹೋಂಡಾ ಎಕ್ಸ್‌ಎಂ ಪಾಲಾದವು, ಫೋರ್ಡ್, ಕ್ರೈಸ್ಲರ್, ಬಿಎಂಡಬ್ಲ್ಯು ಸಿರಿಯಸ್ ಪಾಲಾದವು. ಅಂದರೆ ನಿಮ್ಮ ಹಳೇ ಕಾರಿನಲ್ಲಿ ಯಾವ ರೇಡಿಯೋ ಇದೆ ಅನ್ನೋದು ಆ ಕಾಲದ ಯಾವುದೋ ಬೋರ್ಡ್ ರೂಮಿನಲ್ಲಿ ತೀರ್ಮಾನವಾದದ್ದು. ಇಬ್ಬರೂ ಸಾಲದಲ್ಲಿ ಮುಳುಗಿ, 2008ರ ಜುಲೈ 29ರಂದು ಒಂದಾದರು. ಕಂಪನಿ ಒಂದಾಯಿತು, ಆಗಲೇ ಲಕ್ಷಗಟ್ಟಲೆ ಕಾರುಗಳಲ್ಲಿ ಕೂತಿದ್ದ ಪೆಟ್ಟಿಗೆಗಳು ಒಂದಾಗಲಿಲ್ಲ.

ಈಗ ಬಟನ್ನಿಗೆ ಬರೋಣ.

ಮೊದಲ ಅನುಮಾನ: ಒಳಗೆ ಪೆಟ್ಟಿಗೆ ಇದೆಯಾ? ಆ ಕಾಲದ ಎಷ್ಟೋ ಕಾರುಗಳಲ್ಲಿ ಬಟನ್ ಎಲ್ಲರಿಗೂ ಕೊಟ್ಟು, ಟ್ಯೂನರ್ ಮಾತ್ರ ಹೆಚ್ಚು ದುಡ್ಡು ಕೊಟ್ಟವರಿಗೆ ಹಾಕುತ್ತಿದ್ದರು. ಟ್ಯೂನರ್ ಇರುವುದು ಡ್ಯಾಶ್‌ಬೋರ್ಡಿನಲ್ಲೇ ಅಂತ ಇಲ್ಲ, ಡಿಕ್ಕಿಯ ಮೂಲೆಯಲ್ಲಿ ಬೇರೆ ಪೆಟ್ಟಿಗೆಯಾಗಿಯೂ ಇರುತ್ತದೆ. ಡಿಕ್ಕಿಗೆ ಮಳೆ ನೀರು ಇಳಿದರೆ ಮೊದಲು ಸಾಯುವುದೂ ಅದೇ. ಕಂಡುಹಿಡಿಯುವ ಸುಲಭದ ದಾರಿ: ಚಾನೆಲ್ ಸೊನ್ನೆಗೆ ಹೋಗಿ. ರೇಡಿಯೋ ಐಡಿ ಕಂಡರೆ ಟ್ಯೂನರ್ ಇದೆ, ಜೀವ ಇದೆ. ಎಂಟು ಅಕ್ಷರ ಕಂಡರೆ ಎಕ್ಸ್‌ಎಂ ವಂಶ, ಹನ್ನೆರಡು ಅಂಕಿ ಕಂಡರೆ ಸಿರಿಯಸ್ ವಂಶ. ಎಂಟು ಅಕ್ಷರದ ಐಡಿಯಲ್ಲಿ ಓ, ಐ, ಎಸ್, ಎಫ್ ಎಂಬ ಇಂಗ್ಲಿಷ್ ಅಕ್ಷರಗಳನ್ನು ಬಳಸುವುದಿಲ್ಲ. ಸೊನ್ನೆಯೋ ಓ ಅಕ್ಷರವೋ ಅಂತ ಜಗಳ ಬೇಡ, ಅದು ಸೊನ್ನೆಯೇ. ಯಾರೋ ಪುಣ್ಯಾತ್ಮ ಎಂಜಿನಿಯರ್ ಯೋಚಿಸಿ ಮಾಡಿದ್ದು, ಕೈ ಮುಗಿಯಬೇಕು.

ಐಡಿ ಇದೆ, ಆದರೆ ಆಂಟೆನಾ ಪರೀಕ್ಷಿಸಿ ಅಂತ ಪರದೆಯಲ್ಲಿ ಬರುತ್ತಿದ್ದರೆ ಅದು ಚಂದಾ ಪ್ರಶ್ನೆಯಲ್ಲ, ವೈರಿನ ಪ್ರಶ್ನೆ. ಮೇಲ್ಛಾವಣಿಯ ಆ ಪುಟ್ಟ ಗುಬುಟಿನೊಳಗೆ ಆಂಪ್ಲಿಫೈಯರ್ ಇದೆ. ಅದಕ್ಕೆ ಬೇಕಾದ ಕರೆಂಟು ಸಿಗ್ನಲ್ ಬರುವ ಕೇಬಲ್ಲಿನಲ್ಲೇ ಟ್ಯೂನರಿನಿಂದ ಮೇಲಕ್ಕೆ ಹೋಗುತ್ತದೆ. ಕೇಬಲ್ ತುಂಡಾಗಿದ್ದರೆ ಅಥವಾ ಗುಬುಟು ಬಿರುಕು ಬಿಟ್ಟು ನೀರು ಕುಡಿದಿದ್ದರೆ ಟ್ಯೂನರಿಗೆ ಗೊತ್ತಾಗುತ್ತದೆ. ಬರೀ ಸಿಗ್ನಲ್ ಇಲ್ಲ ಅಂತ ಬಂದರೆ ಮೊದಲು ಕಾರನ್ನು ಗ್ಯಾರೇಜಿನಿಂದ ಹೊರಗೆ ತನ್ನಿ! ಒಂದು ಸೇತುವೆ ಕೆಳಗೆ ಹೋದರೆ ಹಾಡು ನಿಲ್ಲುವುದಿಲ್ಲ, ಯಾಕೆಂದರೆ ಅದೇ ಧ್ವನಿಯನ್ನು ಸುಮಾರು ನಾಲ್ಕು ಸೆಕೆಂಡು ಅಂತರದಲ್ಲಿ ಎರಡು ಸಲ ಕಳಿಸುತ್ತಾರೆ. ಆದರೆ ಗ್ಯಾರೇಜಿನ ಹೆಂಚಿನ ಕೆಳಗೆ ರಾತ್ರಿಯಿಡೀ ನಿಂತರೆ ಆ ಜಾಣತನ ನಡೆಯುವುದಿಲ್ಲ.

ಸಿಗ್ನಲ್ ಇದೆ, ಒಂದು ಮಾದರಿ ಚಾನೆಲ್ ಬರುತ್ತದೆ, ಉಳಿದದ್ದೆಲ್ಲ ಮೌನ. ಇದು ಕೆಟ್ಟಿರುವುದಲ್ಲ, ಬೀಗ. ಹೆಚ್ಚಿನ ಹಳೇ ಕಾರುಗಳ ಕಥೆ ಇದೇ. ಬೀಗ ತೆಗೆಯುವ ರೀತಿ ನನಗೆ ಬಹಳ ಇಷ್ಟ. ಕಾರಿನ ರೇಡಿಯೋಗೆ ಕಿವಿ ಇದೆ, ಬಾಯಿಲ್ಲ. ಅದು ಉಪಗ್ರಹಕ್ಕೆ ಏನನ್ನೂ ಹೇಳಲಾರದು. ದುಡ್ಡು ಕಟ್ಟಿದ ಮೇಲೆ ಕಂಪನಿ ನಿಮ್ಮ ಐಡಿ ಹಿಡಿದು ಇಡೀ ಖಂಡಕ್ಕೆ ಕೇಳುವಂತೆ ಕೂಗುತ್ತದೆ, ಮೆಜೆಸ್ಟಿಕ್ ಬಸ್ ಸ್ಟ್ಯಾಂಡಿನ ಮೈಕಿನಲ್ಲಿ ಕಳೆದುಹೋದವರ ಹೆಸರು ಕೂಗಿದ ಹಾಗೆ. ನೀವು ಆ ಹೊತ್ತಿಗೆ ಟೀ ಕುಡಿಯಲು ಆಚೆ ಹೋಗಿದ್ದರೆ ಕೇಳಿಸಲಿಲ್ಲ, ಅಷ್ಟೇ. ಕೂಗಿದವನಿಗೂ ಅದು ತಲುಪಿತಾ ಇಲ್ಲವಾ ಗೊತ್ತಾಗದು. ಯುಡಿಪಿ ಪ್ಯಾಕೆಟ್ ಬಲ್ಲವರಿಗೆ ಇಷ್ಟು ಸಾಕು. ಆದ್ದರಿಂದ ಬಯಲಿನಲ್ಲಿ ಕಾರು ನಿಲ್ಲಿಸಿ, ರೇಡಿಯೋ ಆನ್ ಮಾಡಿ, ಸ್ಯಾಟ್ ಒತ್ತಿ, ಆಮೇಲೆ ರಿಫ್ರೆಶ್ ಕೇಳಬೇಕು. ಆಫೀಸಿನಲ್ಲಿ ಕೂತು ಫೋನ್ ಮಾಡಿ, ಕಾರು ಕೆಳಗಡೆ ಬೇಸ್‌ಮೆಂಟಿನಲ್ಲಿದ್ದರೆ ಏನು ಬಂತು?

ದುಡ್ಡು ಕಟ್ಟುವ ಮುಂಚೆ ಇದಿಷ್ಟು ನೋಡಿ ಅಂತ ನಾನು ಒತ್ತಿ ಹೇಳುವುದಕ್ಕೆ ಕಾರಣವಿದೆ. ಒಳಗೆ ಬರುವ ಬಾಗಿಲು ಅಗಲ, ಹೊರಗೆ ಹೋಗುವುದು ಕಿಂಡಿ. ಚಂದಾ ನಿಲ್ಲಿಸಲು ಗಿರಾಕಿಗಳನ್ನು ಸತಾಯಿಸುತ್ತಾರೆ ಅಂತ ನ್ಯೂಯಾರ್ಕ್ ರಾಜ್ಯದ ಅಟಾರ್ನಿ ಜನರಲ್ 2023ರ ಡಿಸೆಂಬರ್‌ನಲ್ಲಿ ಸಿರಿಯಸ್‌ಎಕ್ಸ್‌ಎಂ ಮೇಲೆ ಕೇಸು ಹಾಕಿದರು. 2024ರ ನವೆಂಬರ್‌ನಲ್ಲಿ ನ್ಯಾಯಾಲಯ ಆ ಪದ್ಧತಿ ಫೆಡರಲ್ ಕಾನೂನಿಗೆ ವಿರುದ್ಧ ಅಂತ ತೀರ್ಪು ಕೊಟ್ಟಿತು.

ಇನ್ನು ವರ್ಲ್ಡ್‌ಸ್ಪೇಸ್. ಅಡಿಸ್ ಅಬಾಬಾದಲ್ಲಿ ಹುಟ್ಟಿದ ನೋವಾ ಸಮಾರಾ ಕಟ್ಟಿದ ಕಂಪನಿ. ಆಫ್ರಿಸ್ಟಾರ್ 1998ರಲ್ಲಿ, ನಮ್ಮ ಕಡೆಗೆ ಏಷ್ಯಾಸ್ಟಾರ್ 2000ದಲ್ಲಿ ಮೇಲೇರಿತು. ಕರ್ನಾಟಕ ಸಂಗೀತಕ್ಕೇ ಒಂದು ಚಾನೆಲ್ ಇತ್ತು, ಕನ್ನಡಕ್ಕೆ ಸ್ಪರ್ಶ ಇತ್ತು, ಜಾಹೀರಾತಿನಲ್ಲಿ ರೆಹಮಾನ್ ಇದ್ದರು. ರಿಪೀಟರ್‌ಗಳ ಜಾಲ ಇಲ್ಲದ ಕಾರಣ ಭಾರತದಲ್ಲಿ ಅದು ಕಾರು ಹತ್ತಲೇ ಇಲ್ಲ. ಆಂಟೆನಾವನ್ನು ಕಿಟಕಿಗೆ ತಿರುಗಿಸಿ ಇಟ್ಟು ಮನೆಯಲ್ಲೇ ಕೇಳಬೇಕಿತ್ತು. 2008ರ ಅಕ್ಟೋಬರ್‌ನಲ್ಲಿ ದಿವಾಳಿ ಅರ್ಜಿ, 2009ರ ಡಿಸೆಂಬರ್ 31ಕ್ಕೆ ಭಾರತದಲ್ಲಿ ಪ್ರಸಾರ ಬಂದ್. ಮುಂಗಡ ಚಂದಾ ಕಟ್ಟಿದ್ದ ಕೇಳುಗರು ಕೈ ಕೈ ಹಿಸುಕಿಕೊಂಡರು.

ಸಿರಿಯಸ್‌ಎಕ್ಸ್‌ಎಂ ಕೂಡ 2009ರಲ್ಲಿ ಅದೇ ಅಂಚಿಗೆ ಬಂದಿತ್ತು. ಲಿಬರ್ಟಿ ಮೀಡಿಯಾ 53 ಕೋಟಿ ಡಾಲರ್ ಸಾಲ ಕೊಟ್ಟು ಉಳಿಸಿತು. ಹಾಗಾಗಿ ಇಲ್ಲಿ ಹಳೇ ಕಾರಿನ ಆ ಬಟನ್ನಿಗೆ ಇನ್ನೂ ಕೂಗುವವರಿದ್ದಾರೆ. ಮೈಸೂರಿನಲ್ಲಿ ನಮ್ಮ ಸೋದರಮಾವನ ಮನೆಯ ಬೀರುವಿನ ಮೇಲೆ ವರ್ಲ್ಡ್‌ಸ್ಪೇಸ್ ಪೆಟ್ಟಿಗೆ ಈಗಲೂ ಇದೆ. ಆಂಟೆನಾ ಮುಖ ಇನ್ನೂ ಕಿಟಕಿ ಕಡೆಗೇ.